ಬ್ಯಾಕ್ ನದಿಗೆ ಆ ಹೆಸರು ಬಂದದ್ದು ಹೇಗೆ?

ಪ್ರಶ್ನೆ: ಆರ್ಕ್ಟಿಕ್ ಮಂಜಿನಲ್ಲಿ ಸಿಕ್ಕಿ ಕೊನೆಗೊಂಡ ಜಾನ್ ಫ್ರಾಂಕ್ಲಿನ್‌ನ ನೌಕಾಯಾತ್ರೆಯ ದುರಂತದ ಬಗ್ಗೆ ಓದುತ್ತಿದ್ದಾಗ, ಹಡಗು ತೊರೆದವರು ‘ಬ್ಯಾಕ್ಸ್ ಫಿಶ್ ರಿವರ್’ ಕಡೆಗೆ ಹೊರಟರು ಎಂಬ ಮಾತು ಸಿಕ್ಕಿತು. ಕೆನಡಾದ ನಕ್ಷೆಯಲ್ಲಿ ಹುಡುಕಿದರೆ ಆ ಹೆಸರಿನ ನದಿಯಿಲ್ಲ, ‘ಬ್ಯಾಕ್ ರಿವರ್’ ಎಂಬುದೊಂದಿದೆ. ಅದು ಮೊದಲು ಉತ್ತರದತ್ತ ಹರಿದು, ನಡುವೆ ಆಗ್ನೇಯಕ್ಕೆ ತಿರುಗಿ, ಆಮೇಲೆ ಮತ್ತೆ ಉತ್ತರದ ಕಡೆಗೆ ಹೋಗುತ್ತದೆ. ಹೀಗೆ ಹಿಂದಕ್ಕೆ ತಿರುಗುವುದರಿಂದಲೇ ‘ಬ್ಯಾಕ್’ ಎಂದಾಯಿತೇ, ಅಥವಾ ನಮ್ಮ ‘ಹಿನ್ನೀರು’ ಎಂಬಂಥ ಅರ್ಥವೇನಾದರೂ ಇದೆಯೇ? ಎರಡೂ ಒಂದೇ ನದಿಯೇ? ಅಲ್ಲಿಯ ಮೂಲನಿವಾಸಿಗಳು ಅದನ್ನು ಏನೆಂದು ಕರೆಯುತ್ತಾರೆ? ಕನ್ನಡದಲ್ಲಿ ಹೇಗೆ ಬರೆಯಬೇಕು?

ಉತ್ತರ: ಎರಡೂ ಒಂದೇ ನದಿ. ಇಲ್ಲಿಯ ‘ಬ್ಯಾಕ್’ ಹಿಂದು ಮುಂದನ್ನು ಸೂಚಿಸುವ ಪದವಲ್ಲ, ಒಬ್ಬ ಮನುಷ್ಯನ ಮನೆತನದ ಹೆಸರು. ಬ್ರಿಟಿಷ್ ನೌಕಾಪಡೆಯ ಅಧಿಕಾರಿಯಾಗಿದ್ದ ಜಾರ್ಜ್ ಬ್ಯಾಕ್ (1796–1878) 1834ರ ಬೇಸಿಗೆಯಲ್ಲಿ ಈ ನದಿಯನ್ನು ತಲೆಯಿಂದ ಸಮುದ್ರದವರೆಗೆ ದೋಣಿಯಲ್ಲಿ ಇಳಿದು ಅದರ ನಕ್ಷೆ ಬರೆದ. ಕಾಲಕ್ರಮದಲ್ಲಿ ಅವನ ಹೆಸರೇ ನದಿಗೆ ನಿಂತಿತು. ಹಿನ್ನೀರಿಗೂ ಇದಕ್ಕೂ ಸಂಬಂಧವಿಲ್ಲ. ಹಾಗೆಂದು ನಿಮ್ಮ ಊಹೆಯನ್ನು ತಳ್ಳಿಹಾಕುವಂತೆಯೂ ಇಲ್ಲ, ಏಕೆಂದರೆ ನೀವು ನಕ್ಷೆಯಲ್ಲಿ ಗುರುತಿಸಿದ ಆ ತಿರುವು ನಿಜವಾದದ್ದು, ಬ್ಯಾಕ್‌ನನ್ನೂ ಕಂಗೆಡಿಸಿದ್ದು, ಮತ್ತು ಆ ನದಿಗಿರುವ ಬೇರೊಂದು ಹೆಸರಿನ ಬಗ್ಗೆ ಯೋಚಿಸಲು ದಾರಿ ಮಾಡಿಕೊಡುವಂಥದ್ದು. ಅದಕ್ಕೆ ಮುಂದೆ ಬರುತ್ತೇನೆ.

ನದಿ ಎಲ್ಲಿದೆ ಎಂಬುದನ್ನು ಮೊದಲು ನೋಡೋಣ. ಕೆನಡಾದ ವಾಯವ್ಯ ಪ್ರಾಂತ್ಯಗಳಲ್ಲಿ ಗ್ರೇಟ್ ಸ್ಲೇವ್ ಎಂಬ ವಿಶಾಲ ಸರೋವರವಿದೆ. ಅದರ ಪೂರ್ವದ ತುದಿಯಿಂದ ಈಶಾನ್ಯಕ್ಕೆ ಆರ್ಟಿಲರಿ, ಕ್ಲಿಂಟನ್-ಕೋಲ್ಡನ್, ಏಲ್ಮರ್ ಎಂಬ ಸರೋವರಗಳ ಸಾಲು ಹತ್ತಿಕೊಂಡು ಹೋದರೆ, ಏಲ್ಮರ್ ಸರೋವರದ ಉತ್ತರ ದಡದಾಚೆ ಒಂದು ತಗ್ಗಾದ ದಿಬ್ಬ ಸಿಗುತ್ತದೆ. ದಿಬ್ಬದ ಈಚೆ ಬಿದ್ದ ಮಳೆಯ ನೀರು ಲಾಕ್‌ಹಾರ್ಟ್ ನದಿಯ ಮೂಲಕ ಗ್ರೇಟ್ ಸ್ಲೇವ್ ಸರೋವರ ಸೇರಿ, ಅಲ್ಲಿಂದ ಮೆಕೆಂಜಿ ನದಿಯಾಗಿ ಬಹು ದೂರ ಪಶ್ಚಿಮದಲ್ಲಿ ಸಮುದ್ರ ಸೇರುತ್ತದೆ. ಆಚೆ ಬಿದ್ದದ್ದು ಸಸೆಕ್ಸ್ ಎಂಬ ಪುಟ್ಟ ಸರೋವರಕ್ಕೆ ಇಳಿದು ಬ್ಯಾಕ್ ನದಿಯಾಗುತ್ತದೆ. ಆಗ್ನೇಯದಲ್ಲಿ ಥೀಲಾನ್ ನದಿಯ ಸೀಮೆ. ಅದರ ನೀರು ಹಡ್ಸನ್ ಕೊಲ್ಲಿಗೆ ಹೋಗುತ್ತದೆ. ಮೂರು ಬೇರೆ ಬೇರೆ ದಿಕ್ಕಿಗೆ ಹೋಗುವ ನೀರು ಹೀಗೆ ಒಂದಕ್ಕೊಂದು ಬಹು ದೂರವಿಲ್ಲದ ನೆಲದಲ್ಲಿ ಹುಟ್ಟುತ್ತದೆ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡರೆ, ನದಿ ಎಲ್ಲಿಗೆ ಹೋಗುತ್ತದೆಂದು ಆ ಕಾಲದ ಹೊರಗಿನವರಿಗೆ ಏಕೆ ತಿಳಿದಿರಲಿಲ್ಲ ಎಂಬುದು ಅರ್ಥವಾಗುತ್ತದೆ.

ಬ್ಯಾಕ್ ನದಿಯ ಉದ್ದ ಸುಮಾರು 974 ಕಿ.ಮೀ., ಜಲಾನಯನ ಪ್ರದೇಶ ಸುಮಾರು 1,06,500 ಚದರ ಕಿ.ಮೀ. ಅಳತೆಯ ಅಂದಾಜಿಗೆ ಹೇಳುವುದಾದರೆ, ಸುಮಾರು 800 ಕಿ.ಮೀ. ಉದ್ದವೂ 81,000 ಚದರ ಕಿ.ಮೀ. ಜಲಾನಯನವೂ ಇರುವ ಕಾವೇರಿಗಿಂತ ಇದು ದೊಡ್ಡದು. ಅಷ್ಟು ದೊಡ್ಡ ನದಿಯ ದಂಡೆಯಲ್ಲಿ ಇಂದು ಜನ ನೆಲೆಸಿರುವ ಒಂದೇ ಒಂದು ಊರಿಲ್ಲ. ಹುಟ್ಟಿನ ಸೀಮೆಯನ್ನು ದಾಟಿದ ಮೇಲೆ ಉಳಿದ ಹರಿವೆಲ್ಲ ನೂನಾವುಟ್ ಪ್ರಾಂತ್ಯದಲ್ಲಿ. ಸಸೆಕ್ಸ್ ಮತ್ತು ಮಸ್ಕಾಕ್ಸ್ ಸರೋವರಗಳಿಂದ ಹೊರಟ ನದಿ ಬೀಚಿ ಸರೋವರದವರೆಗೆ ಉತ್ತರ–ಈಶಾನ್ಯಕ್ಕೆ ಸಾಗುತ್ತದೆ. ಅಲ್ಲಿ ಥಟ್ಟನೆ ಆಗ್ನೇಯಕ್ಕೆ ತಿರುಗುತ್ತದೆ. ಮತ್ತೆ ಈಶಾನ್ಯಕ್ಕೆ ಹೊರಳಿ ಪೆಲ್ಲಿ, ಗ್ಯಾರಿ, ಮಕ್‌ಡೂಗಲ್ ಎಂಬ ಸರೋವರಗಳ ಮೂಲಕ ಪೂರ್ವಕ್ಕೆ ಹಾದು, ಕೊನೆಗೆ ಉತ್ತರದತ್ತ ಫ್ರಾಂಕ್ಲಿನ್ ಸರೋವರವನ್ನು ದಾಟಿ ಚಾಂಟ್ರಿ ಇನ್‌ಲೆಟ್ ಎಂಬ ಅಳಿವೆಗೆ ಬೀಳುತ್ತದೆ. ಅಳಿವೆಯ ಎದುರಿಗೇ ಕಿಂಗ್ ವಿಲಿಯಂ ದ್ವೀಪ.

ಈ ನದಿಗೆ ಸರಿಯಾದ ಕಣಿವೆಯೆಂಬುದು ಹೆಚ್ಚಿನ ಕಡೆ ಇಲ್ಲವೆಂದೇ ಹೇಳಬೇಕು. ಕೆನಡಾದ ಪ್ರಾಚೀನ ಗಟ್ಟಿ ಶಿಲಾಪೀಠದ ಮೇಲೆ ಹಿಮಯುಗದ ಮಂಜಿನ ಹಾಳೆ ಹರಡಿಕೊಂಡಿತ್ತು. ಅದು ಬಂಡೆಯನ್ನು ಅಲ್ಲಲ್ಲಿ ಕೆರೆದು ಗುಳಿ ಮಾಡಿತು, ಅಲ್ಲಲ್ಲಿ ಮರಳು ಜಲ್ಲಿಯ ದಿಣ್ಣೆ ಬಿಟ್ಟುಹೋಯಿತು. ಮಂಜು ಕರಗಿ ಕೆಲವು ಸಾವಿರ ವರ್ಷಗಳಷ್ಟೇ ಆಗಿರುವುದರಿಂದ ನೀರಿಗೆ ತನ್ನದೇ ದಾರಿ ಕೊರೆದುಕೊಳ್ಳಲು ಸಮಯ ಸಾಲದು. ಹಾಗಾಗಿ ನೀರು ಒಂದು ಗುಳಿಯನ್ನು ತುಂಬಿ ಸರೋವರವಾಗುತ್ತದೆ, ಅದರ ಅಂಚಿನ ತಗ್ಗಾದ ಕಡೆ ತುಳುಕಿ ಬಂಡೆಗಳ ಮೇಲೆ ಧುಮುಕುತ್ತದೆ, ಮುಂದಿನ ಗುಳಿಯಲ್ಲಿ ಮತ್ತೆ ನಿಲ್ಲುತ್ತದೆ. ನಿಂತ ನೀರು, ಸೆಳವು, ನಿಂತ ನೀರು ಎಂಬ ಈ ಸರದಿಯೇ ನದಿಯ ಸ್ವರೂಪ. ವರ್ಷದ ಬಹುಪಾಲು ಅದರ ಮೇಲೆ ಮಂಜಿನ ಹೊದಿಕೆಯಿರುತ್ತದೆ. ಕೆಳಗಿನ ನೆಲ ಸದಾ ಹೆಪ್ಪುಗಟ್ಟಿರುವುದರಿಂದ ಬೇಸಿಗೆಯಲ್ಲಿ ಕರಗಿದ ಹಿಮ ಆಳಕ್ಕೆ ಇಂಗಲಾರದೆ ಒಮ್ಮೆಲೇ ಹೊಳೆಗೆ ನುಗ್ಗುತ್ತದೆ. ನಡುವೆ ಸರೋವರಗಳು ಇರದಿದ್ದರೆ ಆ ನುಗ್ಗುವಿಕೆ ಇನ್ನೂ ಭಯಂಕರವಾಗಿರುತ್ತಿತ್ತು.

‘ಆರ್ಕ್ಟಿಕ್ ನದಿ’ ಎಂಬ ಮಾತಿಗೂ ಒಂದು ಸಣ್ಣ ತಿದ್ದುಪಡಿ ಬೇಕು. ಶಾಲೆಯಲ್ಲಿ ಕಲಿತ ಆರ್ಕ್ಟಿಕ್ ವೃತ್ತವನ್ನು, ಅಂದರೆ ಸುಮಾರು 66 ಡಿಗ್ರಿ 33 ಮಿನಿಟುಗಳ ಅಕ್ಷಾಂಶವನ್ನು, ಈ ನದಿ ದಾಟುವುದು ತನ್ನ ಕೊನೆಯ ಹರಿವಿನಲ್ಲಿ ಮಾತ್ರ. ಹೆಚ್ಚಿನ ಭಾಗ ವೃತ್ತದ ದಕ್ಷಿಣದಲ್ಲಿಯೇ ಇದೆ. ಅದನ್ನು ಆರ್ಕ್ಟಿಕ್ ನದಿ ಎನ್ನಿಸುವುದು ನಕ್ಷೆಯ ಗೆರೆಗಿಂತ ಹೆಚ್ಚಾಗಿ ಮರಗಳ ಗಡಿ. ಆರ್ಟಿಲರಿ ಸರೋವರದ ಆಸುಪಾಸಿನಲ್ಲಿ ಸ್ಪ್ರೂಸ್ ಮರಗಳು ಮುಗಿಯುತ್ತವೆ. ಅಲ್ಲಿಂದ ಸಮುದ್ರದವರೆಗೆ ಪಾಚಿ, ಕಲ್ಲುಹೂವು, ಮೊಣಕಾಲೆತ್ತರದ ವಿಲ್ಲೋ ಪೊದೆಗಳೇ. ಬ್ಯಾಕ್ ತನ್ನ ದೋಣಿಗಳನ್ನು ಆರ್ಟಿಲರಿ ಸರೋವರದ ದಡದಲ್ಲಿಯೇ ಕಟ್ಟಿಸಿ ಮುಂದಕ್ಕೆ ಎಳೆಸಿಕೊಂಡು ಹೋಗಬೇಕಾಯಿತು, ಏಕೆಂದರೆ ನದಿಯ ದಂಡೆಯಲ್ಲಿ ದೋಣಿಗೆ ಬೇಕಾದ ಒಂದು ಹಲಗೆಯೂ ಸಿಗುವಂತಿರಲಿಲ್ಲ.

ಈಗ ಹೆಸರಿಗೆ ಬರೋಣ. ಬ್ಯಾಕ್ ಅಲ್ಲಿಗೆ ಹೋದದ್ದು ನದಿಯನ್ನು ಕಂಡುಹಿಡಿಯಲೆಂದಲ್ಲ, ಕಳೆದುಹೋದವರನ್ನು ಹುಡುಕಲೆಂದು. ಜಾನ್ ರಾಸ್ ಎಂಬ ನಾವಿಕ 1829ರಲ್ಲಿ ‘ವಿಕ್ಟರಿ’ ಹಡಗಿನಲ್ಲಿ ಹೊರಟವನು ವರ್ಷಗಟ್ಟಲೆ ಸುದ್ದಿಯಿಲ್ಲದೆ ಇದ್ದ. ಅವನಿರಬಹುದಾದ ಕರಾವಳಿಯನ್ನು ಒಳನಾಡಿನಿಂದ ತಲುಪಲು ಒಂದು ನದಿ ಇದೆಯೆಂಬ ಸುದ್ದಿ ಡೆನೆ ಜನರಿಂದ ಬಂದಿತ್ತು. ಡೆನೆಗಳು ಗ್ರೇಟ್ ಸ್ಲೇವ್ ಸರೋವರದ ಸುತ್ತಿನ ಕಾಡುಗಳಲ್ಲಿ ವಾಸಿಸುತ್ತ, ಕ್ಯಾರಿಬೂ ಎಂಬ ಜಿಂಕೆ ಜಾತಿಯ ಪ್ರಾಣಿಯ ಹಿಂಡುಗಳನ್ನು ಹಿಂಬಾಲಿಸಿ ಬೇಸಿಗೆಯಲ್ಲಿ ಬಯಲಿಗೆ ಬರುವವರು. ಆ ನದಿಯನ್ನು ಅವರು ಕರೆಯುತ್ತಿದ್ದ ಹೆಸರನ್ನು ಬ್ಯಾಕ್ ಇಂಗ್ಲಿಷ್ ಲಿಪಿಯಲ್ಲಿ ಬರೆದುಕೊಂಡ ರೀತಿಯನ್ನು ಕನ್ನಡಕ್ಕೆ ತಂದರೆ ‘ತ್ಲೂ-ಈ-ಚೋ-ದೆಸ್ಸೆತ್’ ಎಂದಾಗುತ್ತದೆ, ಚಿಕ್ಕದಾಗಿ ‘ತ್ಲೂ-ಈ-ಚೋ’. ಮೊದಲಿನ ‘ತ್ಲ’ ನಿಜಕ್ಕೂ ತಕಾರವಲ್ಲ. ನಾಲಗೆಯನ್ನು ‘ಲ’ ಹೇಳುವ ಜಾಗದಲ್ಲಿಟ್ಟು, ಕಂಠವನ್ನು ಮೌನವಾಗಿರಿಸಿ, ಇಕ್ಕೆಲಗಳಿಂದ ಉಸಿರನ್ನು ಊದಿದರೆ ಬರುವ ಧ್ವನಿ ಅದು. ಇಂಗ್ಲಿಷಿನಲ್ಲಿ ಆ ಧ್ವನಿಯಿಲ್ಲ, ಕನ್ನಡದಲ್ಲೂ ಇಲ್ಲ.

ಆ ಪದದ ಪೂರ್ವಾರ್ಧ ಮೀನು, ‘ಚೋ’ ಎಂದರೆ ದೊಡ್ಡದು, ಕೊನೆಯದು ನದಿ. ಇದನ್ನು ಇಂಗ್ಲಿಷಿಗೆ ‘ಗ್ರೇಟ್ ಫಿಶ್ ರಿವರ್’ ಎಂದು ತಂದರು. ಈ ಅನುವಾದದಲ್ಲಿ ಒಂದು ಗೊಂದಲ ಹುದುಗಿದೆ, ಮತ್ತು ಅದು ಕನ್ನಡದಲ್ಲೂ ಹಾಗೆಯೇ ಹುದುಗುತ್ತದೆ. ‘ದೊಡ್ಡ ಮೀನಿನ ಹೊಳೆ’ ಎಂದಾಗ ದೊಡ್ಡದು ಮೀನೋ, ಹೊಳೆಯೋ? ಕನ್ನಡದ ಪದಗಳ ಜೋಡಣೆ ಎರಡಕ್ಕೂ ಅವಕಾಶ ಕೊಡುತ್ತದೆ. ಡೆನೆ ಭಾಷೆ ಕೊಡುವುದಿಲ್ಲ. ಅಲ್ಲಿ ‘ಚೋ’ ತಾನು ವಿಶೇಷಿಸುವ ಪದದ ಹಿಂದೆಯೇ ಬಂದು ಕೂರುತ್ತದೆ. ಮೆಕೆಂಜಿ ನದಿಯ ಡೆನೆ ಹೆಸರು ‘ದೆಚೋ’: ‘ದೆ’ ನದಿ, ‘ಚೋ’ ದೊಡ್ಡದು, ಅಂದರೆ ಹೆದ್ದೊರೆ. ನಮ್ಮ ನದಿಯ ಹೆಸರಿನಲ್ಲಿ ‘ಚೋ’ ಕುಳಿತಿರುವುದು ಮೀನಿನ ಹಿಂದೆ, ನದಿಯ ಹಿಂದಲ್ಲ. ಆದ್ದರಿಂದ ಅದು ದೊಡ್ಡ ಮೀನುಗಳ ಹೊಳೆ ಎಂದೇ ನಾನು ಓದುತ್ತೇನೆ. ಆ ನದಿಯ ಸರೋವರಗಳ ಲೇಕ್ ಟ್ರೌಟ್ ಮೀನು ಗಾತ್ರಕ್ಕೆ ಹೆಸರಾದದ್ದು. ಗಾಳ ಹಾಕುವ ಹವ್ಯಾಸಿಗಳು ಇಂದಿಗೂ ಸಣ್ಣ ವಿಮಾನಗಳಲ್ಲಿ ಚಾಂಟ್ರಿ ಇನ್‌ಲೆಟ್‌ವರೆಗೆ ಹೋಗುವುದು ಅದಕ್ಕಾಗಿಯೇ.

1833ರ ಆಗಸ್ಟ್ ಕೊನೆಯಲ್ಲಿ ಮಾಫೆಲ್ಲಿ ಎಂಬ ಡೆನೆ ಮಾರ್ಗದರ್ಶಿಯ ನೆರವಿನಿಂದ ಬ್ಯಾಕ್ ಏಲ್ಮರ್ ಸರೋವರದಾಚೆಯ ದಿಬ್ಬವನ್ನು ಹತ್ತಿ, ಉತ್ತರಕ್ಕೆ ಹರಿಯುವ ನೀರನ್ನು ಕಂಡ. ಆ ವರ್ಷ ಮುಂದೆ ಹೋಗಲು ಹೊತ್ತು ಮೀರಿತ್ತು. ಗ್ರೇಟ್ ಸ್ಲೇವ್ ಸರೋವರದ ಪೂರ್ವ ತುದಿಯಲ್ಲಿ ಕಟ್ಟಿಸಿದ್ದ ಫೋರ್ಟ್ ರಿಲಾಯನ್ಸ್ ಎಂಬ ಬಿಡಾರದಲ್ಲಿ ಚಳಿಗಾಲ ಕಳೆದರು. 1834ರ ಜನವರಿಯಲ್ಲಿ ಉಷ್ಣಮಾಪಕ ಮೈನಸ್ 70 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಮೈನಸ್ 57 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿಗೆ ಇಳಿಯಿತು. ಉರಿಯುವ ಒಲೆಯಿಂದ ಮೂರೇ ಅಡಿ ದೂರದಲ್ಲಿ ಮುಖ ತೊಳೆದರೆ, ಒರೆಸಿಕೊಳ್ಳುವಷ್ಟರಲ್ಲಿ ಕೂದಲಿನ ನೀರು ಮಂಜಾಗಿ ಗಂಟುಗಟ್ಟಿತ್ತೆಂದು ಬ್ಯಾಕ್ ಬರೆದಿದ್ದಾನೆ. ಆ ಚಳಿಗಾಲದಲ್ಲಿ ಅವರನ್ನು ಉಳಿಸಿದವರಲ್ಲಿ ಡೆನೆ ನಾಯಕ ಅಕೈಚೋ ಮುಖ್ಯ. ವಸಂತದಲ್ಲಿ ಇಂಗ್ಲೆಂಡಿನಿಂದ ಸುದ್ದಿ ಬಂತು: ಜಾನ್ ರಾಸ್ ಸುರಕ್ಷಿತವಾಗಿ ಊರು ಸೇರಿದ್ದ. ಹುಡುಕಬೇಕಾದವನೇ ಮನೆಯಲ್ಲಿದ್ದುದರಿಂದ ಉಳಿದ ಕೆಲಸ ನದಿಯ ನಕ್ಷೆಯೊಂದೇ.

ಇದೇ ಚಳಿಗಾಲದಲ್ಲಿ ನಡೆದ ಒಂದು ಸಾವು ನದಿಯ ಹೆಸರಿನ ಮೇಲೂ ಪರಿಣಾಮ ಬೀರಿತೆಂದು ನನಗನಿಸುತ್ತದೆ. ತತ್ತನ್ನೋಯುಕ್ ಎಂಬ ಇನ್ಯುಯಿಟ್ (ಆರ್ಕ್ಟಿಕ್ ಸೀಮೆಯ ಮೂಲನಿವಾಸಿ) ದುಭಾಷಿ, ಇಂಗ್ಲಿಷರ ಬಾಯಲ್ಲಿ ಅಗಸ್ಟಸ್, ಫ್ರಾಂಕ್ಲಿನ್‌ನ ಹಿಂದಿನ ಎರಡು ಭೂಯಾತ್ರೆಗಳಲ್ಲಿ ಬ್ಯಾಕ್‌ನ ಜತೆಗಾರನಾಗಿದ್ದವನು. ಬ್ಯಾಕ್ ಬಂದಿರುವ ಸುದ್ದಿ ಕೇಳಿ ಅವನನ್ನು ಸೇರಿಕೊಳ್ಳಲು ದೂರದಿಂದ ಹೊರಟವನು ದಾರಿಯಲ್ಲಿ ಹಿಮಗಾಳಿಗೆ ಸಿಕ್ಕಿ ತೀರಿಕೊಂಡ. ಹೀಗಾಗಿ ಬ್ಯಾಕ್ ನದಿಯ ಬಾಯಿಯನ್ನು ತಲುಪಿದಾಗ ಅಲ್ಲಿಯ ಜನರೊಡನೆ ಸರಾಗವಾಗಿ ಮಾತಾಡಬಲ್ಲವರು ಅವನ ದೋಣಿಯಲ್ಲಿ ಯಾರೂ ಇರಲಿಲ್ಲ. ಅವನಿಗೆ ಬರುತ್ತಿದ್ದದ್ದು ಕೆಲವು ಪದಗಳಷ್ಟೇ. ಜುಲೈ ಕೊನೆಯಲ್ಲಿ ಒಂದು ಜಲಪಾತದ ಬಳಿ ಇನ್ಯುಯಿಟ್ ಜನರ ಡೇರೆಗಳು ಸಿಕ್ಕವು. ಮೂವತ್ತು ಅಡಿ ಉದ್ದದ ದೋಣಿಯನ್ನು ಬಂಡೆಗಳ ಮೇಲೆ ಹೊತ್ತು ಸಾಗಿಸಲು ಅವನ ಆಳುಗಳಿಗೆ ಶಕ್ತಿ ಸಾಲದಾಗ, ಆ ಜನ ಕೈಹಾಕಿ ಸಾಗಿಸಿಕೊಟ್ಟರು. ತಾನು ಸಮುದ್ರ ತಲುಪಿದ್ದಕ್ಕೆ ಅವರ ಋಣವಿದೆಯೆಂದು ಬ್ಯಾಕ್ ಒಪ್ಪಿಕೊಂಡಿದ್ದಾನೆ. ಆದರೆ ಅವರ ಬಾಯಲ್ಲಿದ್ದ ಹೆಸರುಗಳು ಅವನ ನಕ್ಷೆಗೆ ಬರಲಿಲ್ಲ. ನದಿಯ ತಲೆಯ ಸೀಮೆಯವರು ಇಟ್ಟ ಹೆಸರೇ ಅದರ ಪಾದದವರೆಗೂ ಹರಿಯಿತು.

ನೀವು ಕೇಳಿದ ತಿರುವು ಇದರ ನಡುವೆ ಬರುತ್ತದೆ. ಹೊರಡುವ ಮೊದಲೇ ಡೆನೆಗಳು ಎರಡು ನದಿಗಳ ವಿಷಯ ಹೇಳಿದ್ದರು, ತ್ಲೂ-ಈ-ಚೋ ಮತ್ತು ತೆ-ಲೋನ್. ಎರಡನೆಯದರಲ್ಲಿ ಸೆಳವು ಕಡಿಮೆ, ಮರಗಳೂ ಇವೆ, ಅದರಲ್ಲಿ ಹೋಗುವುದೇ ಲೇಸು ಎಂದಿದ್ದರು. ಆ ಮಾತು ಕೇಳಿದ್ದರೆ ಬ್ಯಾಕ್ ಹಡ್ಸನ್ ಕೊಲ್ಲಿಯ ಕಡೆ ಹೋಗಿಬಿಡುತ್ತಿದ್ದ, ಏಕೆಂದರೆ ಅದು ಇಂದಿನ ಥೀಲಾನ್. ಅವನು ಮೊದಲನೆಯದನ್ನೇ ಹಿಡಿದ. ಬೀಚಿ ಸರೋವರದವರೆಗೆ ನದಿ ಉತ್ತರಕ್ಕೆ ಹೋಗುತ್ತಿದ್ದುದರಿಂದ ಪಶ್ಚಿಮದ ಬ್ಯಾಥರ್ಸ್ಟ್ ಇನ್‌ಲೆಟ್‌ಗೆ ಸೇರಬಹುದೆಂಬ ಶಂಕೆಯಿತ್ತು; ಅಲ್ಲಿ ಅದು ಆಗ್ನೇಯಕ್ಕೆ ತಿರುಗಿದ ಕೂಡಲೇ ಶಂಕೆ ತಿರುಗುಮುರುಗಾಗಿ, ಕೊನೆಗೆ ಇದೂ ಹಡ್ಸನ್ ಕೊಲ್ಲಿಗೇ ಹೋಗುವುದೇನೋ ಎಂಬ ಚಿಂತೆ ಹತ್ತಿತು. ದೊಡ್ಡ ಸರೋವರಗಳಲ್ಲಿ ಪರಿಸ್ಥಿತಿ ಇನ್ನೂ ಕಷ್ಟ. ಸುತ್ತಲೂ ದಿಗಂತದವರೆಗೆ ನೀರು, ತಗ್ಗಾದ ದಡ, ಗುರುತಿಗೆ ಒಂದು ಮರವಿಲ್ಲ. ನೀರು ಹೊರಹೋಗುವ ಬಾಯಿ ಯಾವ ಕಡೆಯಿದೆಯೆಂದು ತಿಳಿಯದು. ದಿಕ್ಸೂಚಿಯನ್ನೂ ಪೂರ್ತಿ ನಂಬುವಂತಿರಲಿಲ್ಲ. ಭೂಮಿಯ ಕಾಂತೀಯ ಉತ್ತರ ಧ್ರುವವನ್ನು ಜೇಮ್ಸ್ ಕ್ಲಾರ್ಕ್ ರಾಸ್ 1831ರ ಜೂನ್ 1ರಂದು ಗುರುತಿಸಿದ್ದು ನದಿಯ ಬಾಯಿಂದ ಉತ್ತರಕ್ಕೆ ಸುಮಾರು ಮೂರು ಡಿಗ್ರಿ ಅಕ್ಷಾಂಶದಷ್ಟೇ ದೂರದಲ್ಲಿ; ಅಷ್ಟು ಹತ್ತಿರದಲ್ಲಿ ಸೂಜಿ ಜಡವಾಗಿ ತೂಗುತ್ತದೆ.

ನದಿ ಸಮುದ್ರ ಸೇರಿದ ಮೇಲೆ ಬ್ಯಾಕ್ ಹಾಕಿದ ಲೆಕ್ಕ ಹೀಗಿದೆ: ಒಟ್ಟು 530 ಭೌಗೋಳಿಕ ಮೈಲಿ; ದಂಡೆಯುದ್ದಕ್ಕೂ ಒಂದು ಮರವೂ ಇಲ್ಲ; ಜಲಪಾತ, ಅಬ್ಬಿ, ಸೆಳವು ಎಲ್ಲ ಸೇರಿ 83. ಭೌಗೋಳಿಕ ಮೈಲಿ ಎಂದರೆ ಅಕ್ಷಾಂಶದ ಒಂದು ಮಿನಿಟು, ಸುಮಾರು 1.85 ಕಿ.ಮೀ. ಗುಣಿಸಿ ನೋಡಿದರೆ 530 ಮೈಲಿಗೆ 980 ಕಿ.ಮೀ.ಯಷ್ಟಾಗುತ್ತದೆ. ಇಂದಿನ ಪುಸ್ತಕಗಳು ಕೊಡುವ 974ರ ಪಕ್ಕದಲ್ಲಿ ಈ ಅಂಕಿಯನ್ನು ಇಟ್ಟಾಗಲೆಲ್ಲ ನನಗೆ ಆ ಮನುಷ್ಯನ ಬಗ್ಗೆ ಗೌರವ ಹೆಚ್ಚುತ್ತದೆ. ಅಳತೆಯ ಆರಂಭ ಬಿಂದುಗಳು ಒಂದೇ ಇರಲಿಕ್ಕಿಲ್ಲ, ನಿಜ. ಆದರೂ ತೆರೆದ ದೋಣಿಯಲ್ಲಿ, ಸೆಳವುಗಳ ನಡುವೆ ಕುಳಿತು ಬರೆದ ಲೆಕ್ಕ ಅದು.

ಇಳಿಯುವ ದಾರಿಯಲ್ಲಿ ಅವನು ಹೆಸರುಗಳನ್ನು ಹಂಚುತ್ತ ಹೋದ ಕ್ರಮವನ್ನು ಗಮನಿಸಿದರೆ ಆ ಕಾಲದ ಸಾಮಾಜಿಕ ಮೆಟ್ಟಿಲುಗಳೇ ಕಾಣುತ್ತವೆ. ನದಿಯ ಮೂಲದ ಸರೋವರ ಸಸೆಕ್ಸ್‌ನ ಡ್ಯೂಕನಿಗೆ. ದೊಡ್ಡ ಸರೋವರಗಳಲ್ಲಿ ಪೆಲ್ಲಿ ತುಪ್ಪಳ ವ್ಯಾಪಾರದ ಹಡ್ಸನ್ಸ್ ಬೇ ಕಂಪನಿಯ ಗವರ್ನರನಿಗೆ, ಗ್ಯಾರಿ ಅದರ ಉಪ ಗವರ್ನರನಿಗೆ. ಬೀಚಿ ಮತ್ತು ಫ್ರಾಂಕ್ಲಿನ್ ಸಹ ನೌಕಾಧಿಕಾರಿಗಳು. ಅಳಿವೆಗೆ ಲಂಡನ್ನಿನ ಶಿಲ್ಪಿ ಫ್ರಾನ್ಸಿಸ್ ಚಾಂಟ್ರಿಯ ಹೆಸರು, ಅದರ ಪಕ್ಕದ ಭೂಶಿರಕ್ಕೆ ಇನ್ನೂ ರಾಜಕುಮಾರಿಯಾಗಿದ್ದ ವಿಕ್ಟೋರಿಯಾಳದು, ನಡುಗಡ್ಡೆಗೆ ಉಪಚರಿಸಿದ ಮಾಂಟ್ರಿಯಲ್ ನಗರದ್ದು. ದೋಣಿಗೆ ಹುಟ್ಟು ಹಾಕಿದವರಿಗೆ ಸಿಕ್ಕಿದ್ದು ಸೆಳವು ಮತ್ತು ಅಬ್ಬಿಗಳು: ಮ್ಯಾಲಿ ಸೆಳವು, ಸಿಂಕ್ಲೇರ್ ಜಲಪಾತ. ಕೂದಲೆಳೆಯಲ್ಲಿ ಪಾರಾದ ಕಡೆಗೆ ‘ಎಸ್ಕೇಪ್’ ಎಂದಿಟ್ಟ. ಆದರೆ ಇಡೀ ನದಿಗೆ ಅವನು ಹೊಸ ಹೆಸರು ಇಡಲಿಲ್ಲ. 1836ರಲ್ಲಿ ಪ್ರಕಟವಾದ ಅವನ ಪ್ರವಾಸಕಥನದ ಶೀರ್ಷಿಕೆಯಲ್ಲಿಯೇ ‘ಗ್ರೇಟ್ ಫಿಶ್ ರಿವರ್’ ಎಂದಿದೆ. ಒಳಗೆ ಪುಟಪುಟದಲ್ಲೂ ತ್ಲೂ-ಈ-ಚೋ. ತನ್ನ ಹೆಸರನ್ನು ತಾನೇ ನದಿಗೆ ಅಂಟಿಸಿದ ಎಂದು ಕೆಲವರು ಬರೆಯುವುದುಂಟು. ಅದಕ್ಕೆ ಈ ಪುಸ್ತಕವೇ ಉತ್ತರ.

ಹಾಗಾದರೆ ಹೆಸರು ಬದಲಾದದ್ದು ಹೇಗೆ? ಒಬ್ಬರು ಒಂದು ದಿನ ಆಜ್ಞೆ ಹೊರಡಿಸಿ ಬದಲಾಯಿಸಿದ್ದಲ್ಲ. ಬಳಕೆಯಲ್ಲಿ ಸವೆದು ಬದಲಾದದ್ದು. ಗ್ರೇಟ್ ಫಿಶ್ ರಿವರ್ ಎಂಬ ಹೆಸರಿನ ಇನ್ನೊಂದು ಪ್ರಸಿದ್ಧ ನದಿ ದಕ್ಷಿಣ ಆಫ್ರಿಕಾದಲ್ಲಿದೆ, ಅದೂ ಅಂದು ಬ್ರಿಟಿಷರ ವಸಾಹತಿನಲ್ಲಿಯೇ ಇದ್ದದ್ದು. ‘ಯಾವ ಫಿಶ್ ರಿವರ್?’ ಎಂದು ಕೇಳಿದರೆ ‘ಬ್ಯಾಕ್‌ನದು’ ಎನ್ನುವುದು ಸಹಜ. ಹೀಗೆ ‘ಬ್ಯಾಕ್‌ನ ಗ್ರೇಟ್ ಫಿಶ್ ರಿವರ್’, ಅದರಿಂದ ‘ಬ್ಯಾಕ್‌ನ ಫಿಶ್ ರಿವರ್’, ಅದರಿಂದ ‘ಬ್ಯಾಕ್‌ನ ನದಿ’, ಕೊನೆಗೆ ವಿಭಕ್ತಿಯೂ ಉದುರಿ ‘ಬ್ಯಾಕ್ ರಿವರ್’. ಮೊದಲು ‘ದೊಡ್ಡ’ ಹೋಯಿತು, ಆಮೇಲೆ ಮೀನು ಹೋಯಿತು.

ಈ ಸವೆತದ ನಡುವಿನ ಹಂತ ಅಚ್ಚಳಿಯದೆ ಉಳಿದಿರುವುದು ನೀವು ಓದಿದ ಆ ಮಾತಿನಲ್ಲಿ. ಜಾನ್ ಫ್ರಾಂಕ್ಲಿನ್‌ನ ‘ಎರೆಬಸ್’ ಮತ್ತು ‘ಟೆರರ್’ ಹಡಗುಗಳು 1846ರ ಸೆಪ್ಟೆಂಬರ್‌ನಿಂದ ಕಿಂಗ್ ವಿಲಿಯಂ ದ್ವೀಪದ ವಾಯವ್ಯದಲ್ಲಿ ಮಂಜಿನಲ್ಲಿ ಸಿಕ್ಕಿಕೊಂಡಿದ್ದವು. ಫ್ರಾಂಕ್ಲಿನ್ 1847ರ ಜೂನ್ 11ರಂದು ತೀರಿಕೊಂಡ. 1848ರ ಏಪ್ರಿಲ್ 22ರಂದು ಉಳಿದ 105 ಮಂದಿ ಹಡಗುಗಳನ್ನು ಬಿಟ್ಟು ದಡಕ್ಕೆ ಬಂದರು. ಮೂರು ದಿನಗಳ ಬಳಿಕ, ಹಿಂದಿನ ವರ್ಷದ ಒಂದು ಅಚ್ಚಿನ ನಮೂನೆಯ ಅಂಚಿನ ಖಾಲಿ ಜಾಗದಲ್ಲಿ ಸುತ್ತಲೂ ಇಷ್ಟು ವಿಷಯವನ್ನು ತುರುಕಿ ಬರೆಯಲಾಯಿತು; ನಾಯಕ ಕ್ರೋಜಿಯರ್ ತನ್ನ ಸಹಿಯ ಕೆಳಗೆ ಕೊನೆಯ ಸಾಲು ಸೇರಿಸಿದ: ನಾಳೆ, 26ರಂದು, ಬ್ಯಾಕ್ಸ್ ಫಿಶ್ ರಿವರ್‌ಗೆ ಹೊರಡುತ್ತೇವೆ. ಕಲ್ಲುಗುಪ್ಪೆಯಲ್ಲಿಟ್ಟಿದ್ದ ಆ ಚೀಟಿ 1859ರಲ್ಲಿ ಮೆಕ್‌ಲಿಂಟಾಕ್‌ನ ಶೋಧಯಾತ್ರೆಯ ಹಾಬ್ಸನ್‌ಗೆ ಸಿಕ್ಕಿತು. ಅವರು ಆ ನದಿಯನ್ನೇ ಆರಿಸಿದ್ದಕ್ಕೆ ಕಾರಣ ಸರಳ: ಕೈಯಲ್ಲಿದ್ದ ನಕ್ಷೆಯಲ್ಲಿ ದಕ್ಷಿಣದ ತುಪ್ಪಳ ವ್ಯಾಪಾರದ ಠಾಣೆಗಳತ್ತ ಹೋಗುವ ಗೆರೆ ಅದೊಂದೇ, ಬ್ಯಾಕ್ ಎಳೆದ ಗೆರೆ. 83 ಸೆಳವುಗಳನ್ನು ಈಗ ಅವರು ಏರಬೇಕಿತ್ತು. ಯಾರೂ ಬದುಕಿ ಉಳಿಯಲಿಲ್ಲ. ಅವರು ಬಿಟ್ಟು ಬಂದ ‘ಟೆರರ್’ ಹಡಗಿಗೆ 1836–37ರಲ್ಲಿ ಕಪ್ತಾನನಾಗಿದ್ದವನೂ ಇದೇ ಜಾರ್ಜ್ ಬ್ಯಾಕ್. ಅವರು ತಲುಪಬೇಕೆಂದಿದ್ದ ನದಿಯ ಕೊನೆಯ ಸರೋವರಕ್ಕೆ ಹದಿನಾಲ್ಕು ವರ್ಷ ಮೊದಲೇ ಬಿದ್ದಿದ್ದ ಹೆಸರು ಫ್ರಾಂಕ್ಲಿನ್. ಬ್ಯಾಕ್‌ನೊಂದಿಗೆ ನದಿ ಇಳಿದಿದ್ದ ವೈದ್ಯ ರಿಚರ್ಡ್ ಕಿಂಗ್, ಕಾಣೆಯಾದವರನ್ನು ಇದೇ ನದಿಯ ಬಾಯಲ್ಲಿ ಹುಡುಕಬೇಕೆಂದು 1847ರಿಂದಲೇ ಬರೆಯುತ್ತಿದ್ದ, ಸರ್ಕಾರ ಕಿವಿಗೊಡಲಿಲ್ಲ. 1855ರಲ್ಲಿ ಹಡ್ಸನ್ಸ್ ಬೇ ಕಂಪನಿಯ ಜೇಮ್ಸ್ ಆಂಡರ್ಸನ್ ಮತ್ತು ಜೇಮ್ಸ್ ಸ್ಟುವರ್ಟ್ ತೊಗಟೆಯ ದೋಣಿಗಳಲ್ಲಿ ಇಳಿದು ಮಾಂಟ್ರಿಯಲ್ ನಡುಗಡ್ಡೆಯಲ್ಲಿ ಹಡಗಿನವರ ವಸ್ತುಗಳ ಚೂರುಗಳನ್ನು ಕಂಡರು. ಅವರ ಬಳಿಯೂ ದುಭಾಷಿ ಇರಲಿಲ್ಲ.

ಇನ್ನು ಮೂಲನಿವಾಸಿಗಳ ಹೆಸರು. ಡೆನೆಗಳದ್ದನ್ನು ಹೇಳಿದೆ. ಇನ್ಯುಯಿಟ್ ಹೆಸರುಗಳಲ್ಲಿ ಮುಖ್ಯವಾದವು ಎರಡು, ಮತ್ತು ಅವು ಇಡೀ ನದಿಗೆ ಇಟ್ಟವಲ್ಲ, ಅದರ ಭಾಗಗಳಿಗೆ, ಅಥವಾ ಆ ಭಾಗದ ಸೀಮೆಗೆ ಇಟ್ಟವು. ಗ್ಯಾರಿ ಸರೋವರದ ಸೀಮೆಯನ್ನು ‘ಹನ್ನಿಂಗಾಯುಕ್’ ಎನ್ನುತ್ತಾರೆ; ಅಡ್ಡಲಾಗಿ ಮಲಗಿರುವುದು ಎಂಬ ಅರ್ಥ. ನದಿ ಉತ್ತರದ ದಾರಿ ಬಿಟ್ಟು ಪೂರ್ವಕ್ಕೆ ಅಡ್ಡಡ್ಡಲಾಗಿ, ಸರೋವರಗಳಾಗಿ ಚಾಚಿಕೊಂಡಿರುವುದನ್ನು ನಕ್ಷೆಯಲ್ಲಿ ನೋಡಿದವರಿಗೆ ಈ ಹೆಸರನ್ನು ವಿವರಿಸಬೇಕಾಗಿಲ್ಲ. ನದಿಯ ಹೆಸರಿಗೂ ಅದರ ತಿರುವಿಗೂ ನಂಟಿರಬೇಕೆಂದು ನೀವು ಊಹಿಸಿದ್ದಿರಲ್ಲ, ಆ ಬಗೆಯ ಹೆಸರು ಇಲ್ಲಿ ಸಿಗುತ್ತದೆ, ಬ್ಯಾಕ್ ಎಂಬುದರಲ್ಲಿ ಅಲ್ಲ. ಅಲ್ಲಿಯ ಜನ ಹನ್ನಿಂಗಾಯುರ್ಮಿಯುತ್. ‘ಮಿಯುತ್’ ಎಂದರೆ ಆ ಜಾಗದವರು.

ಕೆಳಗಿನ ಹರಿವು ಮತ್ತು ಅಳಿವೆಯ ಸೀಮೆ ‘ಉತ್ಕುಹಿಕ್ಸಾಲಿಕ್’. ಇದನ್ನು ಬಿಡಿಸಿ ನೋಡುವುದು ಒಂದು ಸುಖ. ‘ಉತ್ಕುಹಿಕ್’ ಎಂದರೆ ಅಡುಗೆಯ ಪಾತ್ರೆ. ಅದಕ್ಕೆ ‘ಸಾಕ್’ ಎಂಬ ಪ್ರತ್ಯಯ ಸೇರಿದರೆ ಪಾತ್ರೆಯಾಗಬಲ್ಲ ವಸ್ತು, ಅಂದರೆ ಬಳಪದ ಕಲ್ಲು. ಕೊನೆಯ ‘ಲಿಕ್’ ಅದು ಇರುವ ಜಾಗ. ಮರವಿಲ್ಲದ, ಮಣ್ಣಿನ ಮಡಕೆ ಸುಡಲು ಸೌದೆಯಿಲ್ಲದ ನಾಡಿನಲ್ಲಿ ಮೆತ್ತಗೆ ಕೆತ್ತಬಹುದಾದ, ಕಾವನ್ನು ತಾಳುವ ಕಲ್ಲು ಸಿಗುವ ಜಾಗಕ್ಕೆ ಎಷ್ಟು ಬೆಲೆ ಎಂಬುದು, ಕಲ್ಲುಮರಿಗೆಯಲ್ಲಿ ಹುಳಿ ಕುದಿಸಿದ ಮನೆಗಳವರಿಗೆ ಬೇಗ ತಿಳಿಯುತ್ತದೆ. ಕಲ್ಲಿನ ಹೆಸರು ಹೊತ್ತಿದ್ದ ಅದೇ ಅಳಿವೆಗೆ ಬ್ಯಾಕ್, ಅದೇನೂ ತಿಳಿಯದೆ, ಕಲ್ಲು ಕೆತ್ತುವ ಶಿಲ್ಪಿಯೊಬ್ಬನ ಹೆಸರಿಟ್ಟದ್ದು ಶುದ್ಧ ಕಾಕತಾಳೀಯ.

ನದಿಯನ್ನು ಆದಿಯಿಂದ ಅಂತ್ಯದವರೆಗೆ ಒಂದೇ ವಸ್ತುವೆಂದು ಕಂಡು ಒಂದೇ ಹೆಸರಿಡುವುದು ನಕ್ಷೆ ಬರೆಯುವವರ ಅಗತ್ಯ. ದಂಡೆಯಲ್ಲಿ ಬದುಕುವವರಿಗೆ ಬೇಕಾದದ್ದು ಕ್ಯಾರಿಬೂ ನದಿ ದಾಟುವ ಜಾಗ, ಮೀನು ಏರುವ ಅಬ್ಬಿ, ಪಾತ್ರೆಯ ಕಲ್ಲಿನ ಗುಡ್ಡ. ನಮ್ಮಲ್ಲೂ ದಡದ ಊರಿನವರು ‘ಹೊಳೆ’ ಎಂದು ಸುಮ್ಮನಾಗಿ, ಗುಂಡಿ ಗುಂಡಿಗೆ, ಕಡವು ಕಡವಿಗೆ ಹೆಸರಿಡುವುದಿಲ್ಲವೇ? ಹಾಗೆ ನೋಡಿದರೆ ‘ಈ ನದಿಯ ನಿಜವಾದ ಸ್ಥಳೀಯ ಹೆಸರೇನು’ ಎಂಬ ಪ್ರಶ್ನೆಗೆ ಒಂದೇ ಉತ್ತರ ಹುಡುಕುವುದು ಸರಿಯಲ್ಲ. ತಲೆಯ ಭಾಗವನ್ನು ಬಲ್ಲವರದು ಒಂದು, ನಡುವಿನವರದು ಒಂದು, ಬಾಯಿಯವರದು ಒಂದು.

ಆ ಜನ ಈಗ ನದಿಯ ದಂಡೆಯಲ್ಲಿಲ್ಲ. 1957–58ರ ಚಳಿಗಾಲದಲ್ಲಿ ಕ್ಯಾರಿಬೂ ಬಾರದೆ ಗ್ಯಾರಿ ಸರೋವರದ ಸೀಮೆಯಲ್ಲಿ ಹಸಿವಿನಿಂದ ಸಾವುಗಳಾದವು. ಉಳಿದವರನ್ನು ಬೇಕರ್ ಲೇಕ್ ಊರಿಗೆ ಕರೆದೊಯ್ದರು. ಅಳಿವೆಯಲ್ಲಿ ಮಾನವಶಾಸ್ತ್ರಜ್ಞೆ ಜೀನ್ ಬ್ರಿಗ್ಸ್ 1963ರಿಂದ ಹದಿನೇಳು ತಿಂಗಳು ಇದ್ದಾಗ, ಆ ವಿಸ್ತಾರವಾದ ಸೀಮೆಗೆಲ್ಲ ಇದ್ದವರು ಇಪ್ಪತ್ತರಿಂದ ಮೂವತ್ತೈದು ಜನ. ಅವರ ಮಕ್ಕಳು ಮೊಮ್ಮಕ್ಕಳು ಇಂದು ಯೋವಾ ಹೇವನ್, ಬೇಕರ್ ಲೇಕ್ ಮೊದಲಾದ ಊರುಗಳಲ್ಲಿದ್ದಾರೆ. ನೂನಾವುಟ್ 1999ರ ಏಪ್ರಿಲ್ 1ರಂದು ಪ್ರತ್ಯೇಕ ಪ್ರಾಂತ್ಯವಾಗುವ ಮೊದಲೇ ಹಳೆಯ ಇಂಗ್ಲಿಷ್ ಹೆಸರುಗಳನ್ನು ಬಿಡುವುದು ಆರಂಭವಾಗಿತ್ತು: ಫ್ರೋಬಿಷರ್ ಬೇ 1987ರಲ್ಲಿ ಇಕಾಲುಯಿತ್ ಆಯಿತು, ಕಾಪರ್‌ಮೈನ್ 1996ರಲ್ಲಿ ಕುಗ್ಲುಕ್ತುಕ್ ಆಯಿತು. ಅವು ಜನವಿರುವ ಊರುಗಳು. ಬ್ಯಾಕ್ ನದಿಯ ಹೆಸರು ಅಧಿಕೃತ ನಕ್ಷೆಯಲ್ಲಿ ಹಾಗೆಯೇ ಉಳಿದಿದೆ.

ಕನ್ನಡದಲ್ಲಿ ಹೇಗೆ ಬರೆಯಬೇಕೆಂಬುದು ನಿಮ್ಮ ಕೊನೆಯ ಪ್ರಶ್ನೆ. ಒಮ್ಮೆ ಒಂದು ಅನುವಾದದ ಕರಡಿನಲ್ಲಿ ‘ಹಿಂಬದಿಯ ಮೀನಿನ ನದಿ’ ಎಂದಿದ್ದದ್ದನ್ನು ನಾನೇ ತಿದ್ದಿದ್ದೇನೆ. ಅದರ ಹಿಂದಿನ ಪುಟದಲ್ಲಿಯೇ ಕಪ್ತಾನ್ ಬ್ಯಾಕ್‌ನ ಹೆಸರು ಸರಿಯಾಗಿತ್ತು. ಅರ್ಥವುಳ್ಳ ಹೆಸರನ್ನು ಅನುವಾದಿಸಬಹುದು, ಕೆಂಪು ಸಮುದ್ರ ಎಂಬಂತೆ. ವ್ಯಕ್ತಿಯ ಹೆಸರನ್ನು ಅನುವಾದಿಸಲಾಗದು. ಆದ್ದರಿಂದ ಇಂದಿನ ನದಿಯನ್ನು ಹೇಳುವಾಗ ‘ಬ್ಯಾಕ್ ನದಿ’ ಎಂದು ಬರೆಯಿರಿ, ಮೊದಲ ಸಲ ಬಂದಾಗ ಜಾರ್ಜ್ ಬ್ಯಾಕ್‌ನ ಹೆಸರನ್ನು ಒಂದು ಮಾತಿನಲ್ಲಿ ಸೂಚಿಸಿ. ಹಳೆಯ ಹೆಸರಿಗೆ ‘ದೊಡ್ಡ ಮೀನುಗಳ ಹೊಳೆ’ ಎಂದರೆ ಡೆನೆ ಪದಕ್ಕೂ ನ್ಯಾಯ ಸಿಗುತ್ತದೆ, ದೊಡ್ಡದು ಯಾವುದೆಂಬ ಗೊಂದಲವೂ ತಪ್ಪುತ್ತದೆ. 1848ರ ಆ ಚೀಟಿಯ ಸಾಲಿಗೆ ಮಾತ್ರ ಇವೆರಡೂ ಒಗ್ಗುವುದಿಲ್ಲ. ಕ್ರೋಜಿಯರ್ ಬರೆದದ್ದರಲ್ಲಿ ಬ್ಯಾಕ್ ಇದ್ದಾನೆ, ಮೀನೂ ಇದೆ, ‘ದೊಡ್ಡ’ ಎಂಬುದು ಆಗಲೇ ಬಿದ್ದುಹೋಗಿದೆ. ಅಲ್ಲಿ ‘ಬ್ಯಾಕನ ಮೀನುಹೊಳೆಗೆ’ ಎಂದು ಬರೆಯುವುದು ಸರಿ.